ಹಸಿರು ತಾಯಿ ಕಡೆಯದು

ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆಯ ಹೊಲವೊಂದರಲ್ಲಿ ಬೆಳಗಿನ ಹೊತ್ತು ಸೂರ್ಯಕಾಂತಿಯ ತೆನೆಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದೆ. ಒಂದು ಸಾಲಿನ ತೆನೆ ಮುಟ್ಟಿದರೆ ಬೆರಳ ತುದಿಗೆ ಅರಿಸಿನದಂಥ ಪುಡಿ ಹತ್ತುತ್ತಿತ್ತು. ಪಕ್ಕದ ಸಾಲಿನದನ್ನು ಎಷ್ಟು ಸವರಿದರೂ ಬೆರಳು ಇದ್ದ ಹಾಗೇ ಇತ್ತು. ಕೈಯಲ್ಲಿ ಮೆತ್ತನೆಯ ಬಟ್ಟೆ ಹಿಡಿದು ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು, "ಅದು ಹೆಣ್ಣ ಸಾಲ್ರೀ ಸರ, ಅದ್ರಾಗ ಪುಡಿ ಇರಂಗಿಲ್ಲ" ಎಂದರು. ಗಂಡು ಸಾಲಿನ ತೆನೆಯನ್ನು ಬಟ್ಟೆಯಿಂದ ಒರೆಸಿ, ಅದೇ ಬಟ್ಟೆಯನ್ನು ಹೆಣ್ಣು ಸಾಲಿನ ತೆನೆಗೆ ಒತ್ತುತ್ತ ಹೋಗುವುದು ಅವರ ಬೆಳಗಿನ ಕೆಲಸ. ಹೆಣ್ಣು ಸಾಲಿನಲ್ಲಿ ಕಟ್ಟುವ ಕಾಳೇ ಮುಂದಿನ ವರ್ಷ ಹೈಬ್ರಿಡ್ ಬೀಜವಾಗಿ ರೈತರ ಕೈ ಸೇರುತ್ತದೆ.

ಆ ಹೆಣ್ಣು ಸಾಲಿಗೆ ಪುಡಿ ಇಲ್ಲದಿರುವುದಕ್ಕೆ ಒಂದು ಕಾರಣವಿದೆ. 1969ರಲ್ಲಿ ಫ್ರಾನ್ಸಿನ ತಳಿವಿಜ್ಞಾನಿ ಪ್ಯಾಟ್ರಿಸ್ ಲೆಕ್ಲೆರ್ಕ್, ಅಮೆರಿಕದ ಬಯಲುಗಳ ಒಂದು ಕಾಡು ಸೂರ್ಯಕಾಂತಿಯನ್ನು ತಾಯಿಯಾಗಿಟ್ಟು, ನಾವು ಬೆಳೆಯುವ ಸೂರ್ಯಕಾಂತಿಯ ಪರಾಗವನ್ನು ಅದಕ್ಕೆ ಕೊಟ್ಟ ಸಂಗತಿಯನ್ನು ಪ್ರಕಟಿಸಿದರು. ಆ ಕಾಡು ಗಿಡದ ಹೆಸರು ಹೀಲಿಯಾಂಥಸ್ ಪೆಟಿಯೊಲಾರಿಸ್, ನಮ್ಮದು ಹೀಲಿಯಾಂಥಸ್ ಆನ್ಯೂಸ್. ಹುಟ್ಟಿದ ಸಂತಾನಕ್ಕೆ ಮತ್ತೆ ಮತ್ತೆ ಆನ್ಯೂಸಿನ ಪರಾಗವನ್ನೇ ಕೊಡುತ್ತ ಹೋದರೆ ನಾಲ್ಕಾರು ತಲೆಮಾರಿನಲ್ಲಿ ಕೋಶಕೇಂದ್ರದ ಡಿಎನ್‌ಎ ಹೆಚ್ಚುಕಡಿಮೆ ಪೂರ್ತಿ ಆನ್ಯೂಸಿನದೇ ಆಗುತ್ತದೆ. ಗಿಡದ ಎತ್ತರ, ತೆನೆಯ ಅಗಲ, ಕಾಳಿನ ಎಣ್ಣೆ ಎಲ್ಲವೂ ಆನ್ಯೂಸಿನವು. ಆದರೆ ಕೋಶಕೇಂದ್ರದ ಹೊರಗಿರುವ ಮೈಟೊಕಾಂಡ್ರಿಯ ಮತ್ತು ಕ್ಲೋರೋಪ್ಲಾಸ್ಟ್‌ಗಳು ತಾಯಿಯ ಅಂಡಕೋಶದ ಮೂಲಕವೇ ಬರುತ್ತವೆ. ಪರಾಗ ಎಷ್ಟು ಸಲ ಬದಲಾದರೂ ಅವು ಬದಲಾಗುವುದಿಲ್ಲ. ಪರಾಗ ಕಟ್ಟದಂತೆ ಮಾಡುವುದು ಮೈಟೊಕಾಂಡ್ರಿಯದ ಒಂದು ಜೀನ್, ಅದರ ಜೊತೆಗೆ ಅದೇ ದಾರಿಯಲ್ಲಿ ಬಂದದ್ದು ಕ್ಲೋರೋಪ್ಲಾಸ್ಟ್. ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1980ರಲ್ಲಿ ಬಿಡುಗಡೆಯಾಯಿತು. ಅದರ ಹೆಣ್ಣು ಸಾಲಿಗೂ ಇದೇ ಮೂಲ. ಜಗತ್ತಿನ ಬಹುಪಾಲು ವಾಣಿಜ್ಯ ಹೈಬ್ರಿಡ್‌ಗಳೂ ಈ ಒಂದೇ ತಾಯಿಯ ಬಳ್ಳಿಗೆ ಸೇರಿದವು. ಅಂದರೆ ನಮ್ಮ ಹೊಲದ ಸೂರ್ಯಕಾಂತಿ ಬಿಸಿಲನ್ನು ಎಣ್ಣೆಯಾಗಿಸುವುದು ಯಾವ ಹಸಿರಿನಿಂದಲೋ ಆ ಹಸಿರು ಬಂದದ್ದು ಕಾಡಿನ ತಾಯಿಯಿಂದ.

ಈಗ ಒಬ್ಬ ವಿದ್ಯಾರ್ಥಿ ಆ ಹೊಲದ ಒಂದು ಎಲೆ ಕಿತ್ತು, ಕ್ಲೋರೋಪ್ಲಾಸ್ಟ್ ಜೀನೋಮನ್ನು ಮಾತ್ರ ಓದಿ, ಅದನ್ನು ಸಂಬಂಧಿಕರ ಜೀನೋಮ್‌ಗಳೊಂದಿಗೆ ಹೋಲಿಸಿ ವಂಶವೃಕ್ಷ ಬರೆದರೆ ಏನಾಗುತ್ತದೆ? ಓದಿದ್ದರಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ, ಆದರೂ ಗಿಡವನ್ನು ಬೇರೆಯವರ ಮನೆಗೆ ಸೇರಿಸಿರುತ್ತಾನೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಈ ತೊಡಕನ್ನೇ. ಸೂರ್ಯಕಾಂತಿ ಕುಟುಂಬದಲ್ಲಿ ಕ್ಲೋರೋಪ್ಲಾಸ್ಟ್ ಜೀನೋಮ್‌ಗಳ ಹೋಲಿಕೆ ಕಳೆದ ನಲವತ್ತು ವರ್ಷಗಳಲ್ಲಿ ಅಪರೂಪದ ಸತ್ಯಗಳನ್ನು ಹೊರತಂದಿದೆ. ಆದರೆ ಅದು ತಾಯಿಯ ಕಡೆಯ ಸಾಕ್ಷಿ. ಏನನ್ನು ಕೇಳಬೇಕೋ ಅದನ್ನು ಕೇಳಿದರೆ ಅದಕ್ಕಿಂತ ನೆಚ್ಚಬಹುದಾದ ಸಾಕ್ಷಿ ಇಲ್ಲ. ಕೇಳಬಾರದ್ದನ್ನು ಕೇಳಿದರೆ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ.

ತಾಯಿಯ ಕಡೆಯದು ಎಂಬುದು ತಿಳಿದದ್ದು ಡಿಎನ್‌ಎ ಗೊತ್ತಾಗುವುದಕ್ಕೂ ಎಷ್ಟೋ ಮೊದಲು, ನಮ್ಮ ಹಿತ್ತಲಿನ ಸಂಜೆಮಲ್ಲಿಗೆಯಿಂದ. ಎಲೆಯಲ್ಲಿ ಹಸಿರು ಬಿಳುಪು ಚುಕ್ಕೆಗಳಿರುವ ಒಂದು ಬಗೆಯ ಸಂಜೆಮಲ್ಲಿಗೆ ಇದೆ. ಒಂದೇ ಗಿಡದಲ್ಲಿ ಒಂದು ಕೊಂಬೆ ಪೂರ್ತಿ ಹಸಿರು, ಇನ್ನೊಂದು ಪೂರ್ತಿ ಬಿಳಿ, ಮತ್ತೊಂದು ಚುಕ್ಕೆ. ಜರ್ಮನಿಯ ಕಾರ್ಲ್ ಕೊರೆನ್ಸ್ ಈ ಕೊಂಬೆಗಳ ಹೂಗಳನ್ನು ಅಡ್ಡಹಾಯಿಸಿ ನೋಡಿ 1909ರಲ್ಲಿ ಬರೆದರು. ಹಸಿರು ಕೊಂಬೆಯ ಹೂವಿಗೆ ಯಾವ ಕೊಂಬೆಯ ಪರಾಗ ಬಿದ್ದರೂ ಸಸಿ ಹಸಿರು. ಬಿಳಿ ಕೊಂಬೆಯ ಬೀಜದ ಸಸಿಗಳು ಬಿಳಿ, ಆಹಾರ ತಯಾರಿಸಲಾರದೆ ನಾಲ್ಕು ದಿನದಲ್ಲಿ ಸತ್ತುಹೋಗುತ್ತವೆ. ಚುಕ್ಕೆ ಕೊಂಬೆಯ ಬೀಜದಿಂದ ಮೂರೂ ಬಗೆ. ತಂದೆ ಯಾರೆಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಮೆಂಡೆಲನ ನಿಯಮಕ್ಕೆ ಸಿಗದ ಮೊದಲ ಆನುವಂಶಿಕತೆಗಳಲ್ಲಿ ಇದೊಂದು. ಕ್ಲೋರೋಪ್ಲಾಸ್ಟ್ ಬಹಳ ಹಿಂದೆ ಸ್ವತಂತ್ರವಾಗಿ ಬದುಕಿದ್ದ ಒಂದು ಸೂಕ್ಷ್ಮಜೀವಿಯ ಸಂತತಿ, ಹಾಗಾಗಿ ಅದರೊಳಗೆ ಅದರದೇ ಡಿಎನ್‌ಎ ಇದೆ ಎಂಬುದು ದೃಢವಾಗಲು ಇನ್ನೂ ಹಲವು ದಶಕ ಬೇಕಾಯಿತು. ಜಪಾನಿನ ಎರಡು ತಂಡಗಳು ಹೊಗೆಸೊಪ್ಪಿನ ಮತ್ತು ಮಾರ್ಕಾಂಶಿಯ ಎಂಬ ಪುಟ್ಟ ಸಸ್ಯದ ಕ್ಲೋರೋಪ್ಲಾಸ್ಟ್ ಜೀನೋಮ್‌ಗಳನ್ನು ಪೂರ್ತಿ ಓದಿದ್ದು 1986ರಲ್ಲಿ.

ಆ ಜೀನೋಮ್ ಒಂದು ಉಂಗುರದ ಹಾಗೆ. ಸೂರ್ಯಕಾಂತಿಯಲ್ಲಿ 1,51,104 ಅಕ್ಷರ, ನಮ್ಮ ಹುಚ್ಚೆಳ್ಳಿನಲ್ಲಿ 1,51,762. ಲಕ್ಷಗಟ್ಟಲೆ ಅಕ್ಷರದ ಉಂಗುರದಲ್ಲಿ ಉದ್ದದ ವ್ಯತ್ಯಾಸ ಬರೀ 658. ಒಟ್ಟು 110ರ ಆಸುಪಾಸು ಜೀನ್‌ಗಳು. ಉಂಗುರದಲ್ಲಿ ಸುಮಾರು 25,000 ಅಕ್ಷರದ ಒಂದು ಭಾಗ ಎರಡು ಸಲ ಬರುತ್ತದೆ, ಎರಡನೆಯದು ಕನ್ನಡಿಯಲ್ಲಿ ಕಂಡಂತೆ ತಿರುವಾಗಿ. ಈ ಎರಡರ ನಡುವೆ ಒಂದು ಕಡೆ ದೊಡ್ಡ ತುಂಡು, ಇನ್ನೊಂದು ಕಡೆ ಚಿಕ್ಕ ತುಂಡು. ಹೂಬಿಡುವ ಗಿಡಗಳ ಬಹುಪಾಲಿನಲ್ಲಿ ಇದೇ ಕಟ್ಟು. ಬದಲಾವಣೆಯೂ ನಿಧಾನ, ಕೋಶಕೇಂದ್ರದ ಡಿಎನ್‌ಎಯ ಅರ್ಧದಷ್ಟು ವೇಗ. ಇಷ್ಟು ಮಂದಗತಿಯ ಬರವಣಿಗೆಯಲ್ಲಿ ಏನಾದರೂ ದೊಡ್ಡ ಪಲ್ಲಟವಾದರೆ ಅದು ಕೋಟಿಗಟ್ಟಲೆ ವರ್ಷ ಅಳಿಯದೆ ಉಳಿಯುತ್ತದೆ.

ಸೂರ್ಯಕಾಂತಿ ಕುಟುಂಬದಲ್ಲಿ ಅಂಥದ್ದೊಂದು ಉಳಿದಿದೆ. ಅದಕ್ಕೆ ಮೊದಲು ಕುಟುಂಬದ ಬಗ್ಗೆ ಒಂದು ಮಾತು. ದೇವರ ಮನೆಗೆ ತಂದ ಸೇವಂತಿಗೆಯೊಂದನ್ನು ಬಿಡಿಸಿ ನೋಡಿ. ಎಸಳೆಂದುಕೊಂಡು ಕಿತ್ತದ್ದರ ಬುಡದಲ್ಲಿ ಸಣ್ಣ ಕೊಳವೆ ಇರುತ್ತದೆ, ಕೊಳವೆಯಿಂದ ಕೂದಲೆಳೆಯ ತುದಿ ಸೀಳಿದಂಥ ಒಂದು ಶಲಾಕೆ ಇಣುಕುತ್ತದೆ. ಆ ಎಸಳೇ ಒಂದು ಹೂ. ಸೇವಂತಿಗೆ ಎಂದು ನಾವು ಕರೆಯುವುದು ನೂರಾರು ಹೂಗಳ ಒಂದು ಊರು. ಚೆಂಡುಹೂ, ಡೇಲಿಯಾ, ಕುಸುಬೆ, ಹುಚ್ಚೆಳ್ಳು, ದವನ, ಮಾಚಿಪತ್ರೆ, ಗರುಗ, ರಸ್ತೆ ಬದಿಯ ಕಾಂಗ್ರೆಸ್ ಗಿಡ, ಹೋಟೆಲಿನ ಸಲಾಡಿಗೆ ಹಾಕುವ ಲೆಟ್ಯೂಸ್ ಎಲ್ಲಕ್ಕೂ ಇದೇ ಊರಿನ ರಚನೆ. ಹೂಬಿಡುವ ಗಿಡಗಳಲ್ಲಿ ಹತ್ತಕ್ಕೆ ಒಂದು ಈ ಕುಟುಂಬದ್ದು ಎನ್ನುವಷ್ಟು ದೊಡ್ಡ ಬಳಗ. ಬಳಗ ದೊಡ್ಡದಾದಷ್ಟೂ ಯಾರು ಮೊದಲು ಬೇರೆಯಾದವರು ಎಂಬ ಜಗಳವೂ ದೊಡ್ಡದು. ಹೂವಿನ ಆಕಾರ ನೋಡಿ ಸಸ್ಯವಿಜ್ಞಾನಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ವ್ಯಾಜ್ಯ ನಡೆಸಿದ್ದರು.

1987ರಲ್ಲಿ ರಾಬರ್ಟ್ ಜಾನ್ಸೆನ್ ಮತ್ತು ಜೆಫ್ರಿ ಪಾಮರ್ ಅದಕ್ಕೆ ಒಂದು ತೀರ್ಪು ತಂದರು. ಅವರು ಅಕ್ಷರ ಅಕ್ಷರ ಓದಲಿಲ್ಲ. ಆಗ ಅದು ಸುಲಭದ ಕೆಲಸವಾಗಿರಲಿಲ್ಲ. ಲೆಟ್ಯೂಸ್ ಮತ್ತು ಪೆಟೂನಿಯಾದ ಕ್ಲೋರೋಪ್ಲಾಸ್ಟ್ ಡಿಎನ್‌ಎ ತುಂಡುಗಳನ್ನು ಗುರುತುಕಾಯಿಗಳಂತೆ ಬಳಸಿ, ಬೇರೆ ಗಿಡಗಳ ಉಂಗುರದಲ್ಲಿ ಯಾವ ತುಂಡು ಯಾವುದರ ಪಕ್ಕ ಕೂತಿದೆ ಎಂದು ಹುಡುಕಿದರು. 80 ಪ್ರಭೇದಗಳನ್ನು ಹೀಗೆ ನೋಡಿದರು. ಲೆಟ್ಯೂಸಿನಲ್ಲಿ ಸುಮಾರು 22,000 ಅಕ್ಷರದ ಒಂದು ಭಾಗ ಎರಡೂ ತುದಿಯಲ್ಲಿ ಕಡಿದು, ತಿರುವುಮುರುವಾಗಿ, ಮತ್ತೆ ಅದೇ ಜಾಗಕ್ಕೆ ಕೂಡಿಕೊಂಡಿತ್ತು. ಸೂರ್ಯಕಾಂತಿ ಕುಟುಂಬದ 57 ಕುಲಗಳಲ್ಲಿ ಅದೇ ತಿರುವುಮುರುವು. ಹತ್ತಿರದ ಬೇರೆ ಕುಟುಂಬಗಳಲ್ಲಿ ಅದಿಲ್ಲ. ಕುಟುಂಬದ ಒಳಗೂ ಅದಿಲ್ಲದ ಒಂದೇ ಒಂದು ಗುಂಪು ಸಿಕ್ಕಿತು. ಅದು ದಕ್ಷಿಣ ಅಮೆರಿಕದ ಬಾರ್ನಡೇಸಿಯಾ ಮತ್ತು ಅದರ ಬಂಧುಗಳು.

ಇದು ಯಾಕೆ ಅಷ್ಟು ದೊಡ್ಡ ಸಾಕ್ಷಿ? ಒಂದು ಅಕ್ಷರ ಬದಲಾಗುವುದು ಸಾಮಾನ್ಯ, ಬೇರೆ ಬೇರೆ ಗಿಡಗಳಲ್ಲಿ ಒಂದೇ ಅಕ್ಷರ ಒಂದೇ ರೀತಿ ಬದಲಾಗುವುದೂ ಉಂಟು. ಆದರೆ ಒಂದೂವರೆ ಲಕ್ಷ ಅಕ್ಷರದ ಉಂಗುರದಲ್ಲಿ ಅದೇ ಎರಡು ಜಾಗದಲ್ಲಿ ಎರಡು ಸಲ ಸ್ವತಂತ್ರವಾಗಿ ಕಡಿದು ತಿರುಗಿ ಕೂಡುವುದು ನಂಬಲಾಗದ ಮಾತು. ಹಾಗಾಗಿ ಈ ತಿರುವು ಇರುವವರೆಲ್ಲ ಒಬ್ಬ ಅಜ್ಜಿಯ ಮಕ್ಕಳು. ಅದಿಲ್ಲದ ಬಾರ್ನಡೇಸಿಯಾ ಬಳಗ ಆ ಅಜ್ಜಿ ಹುಟ್ಟುವ ಮೊದಲೇ ಮನೆ ಬಿಟ್ಟದ್ದು. ಅಲ್ಲಿಯವರೆಗೆ ಯಾವುದೋ ಪಂಗಡದ ಮೂಲೆಯಲ್ಲಿ ಉಪಪಂಗಡವಾಗಿ ಬಿದ್ದಿದ್ದ ಈ ಮುಳ್ಳಿನ ಪೊದೆಗಳಿಗೆ 1992ರಲ್ಲಿ ಸ್ವಂತ ಉಪಕುಟುಂಬದ ಸ್ಥಾನ ಸಿಕ್ಕಿತು. ಒಂಬತ್ತು ಕುಲಗಳ ಒಂದು ಚಿಕ್ಕ ಬಳಗ ಒಂದು ಕಡೆ, ಸಾವಿರಕ್ಕೂ ಹೆಚ್ಚು ಕುಲಗಳ ಉಳಿದ ಕುಟುಂಬ ಇನ್ನೊಂದು ಕಡೆ. ಕುಟುಂಬದ ಬೇರು ದಕ್ಷಿಣ ಅಮೆರಿಕದ ಕಡೆಗಿದೆ ಎಂಬ ವಾದಕ್ಕೂ ಇದರಿಂದ ಬಲ ಬಂತು. 2005ರಲ್ಲಿ ಜಾನ್ಸೆನ್ ಮತ್ತು ಜೊತೆಗಾರರು ಆ ದೊಡ್ಡ ತಿರುವಿನೊಳಗೆ 3,300 ಅಕ್ಷರದ ಇನ್ನೊಂದು ಸಣ್ಣ ತಿರುವನ್ನು ತೋರಿಸಿದರು. ಒಂದಿದ್ದ ಕಡೆ ಇನ್ನೊಂದೂ ಇತ್ತು. ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಆದವು.

ಹೋಲಿಕೆಯ ಕೆಲಸದಲ್ಲಿ ಇದಕ್ಕಿಂತ ಚೆಲುವಾದ ಉದಾಹರಣೆಯನ್ನು ನಾನು ಕಾಣೆ. ಪ್ರಶ್ನೆ ದೊಡ್ಡದು, ಸಾಕ್ಷಿ ಅಪರೂಪದ್ದು, ನೋಡಿದ ಗಿಡಗಳು ಇಡೀ ಕುಟುಂಬದಿಂದ ಆರಿಸಿದವು. ಕೋಟ್ಯಂತರ ವರ್ಷದ ಹಿಂದಿನ ಕವಲಿನ ಮಟ್ಟಿಗೆ ತಾಯಿಯ ಕಥೆಗೂ ಇಡೀ ಗಿಡದ ಕಥೆಗೂ ಹೆಚ್ಚು ಅಂತರವಿರಲಿಲ್ಲ. ಹತ್ತಿರದ ಬಂಧುಗಳ ನಡುವೆ ಬಂದಾಗ ಆ ಅನುಕೂಲ ಇರುವುದಿಲ್ಲ.

ಹವಾಯಿ ದ್ವೀಪಗಳ ಬೆಳ್ಳಿಕತ್ತಿ ಗಿಡಗಳ ಕಥೆ ಕೇಳಿ. ಜ್ವಾಲಾಮುಖಿಯ ಬೂದಿಯ ಇಳಿಜಾರಿನಲ್ಲಿ ಬೆಳ್ಳಿ ಬಣ್ಣದ ಕತ್ತಿಯಂಥ ಎಲೆಗಳ ಗುಪ್ಪೆ, ವರ್ಷಗಟ್ಟಲೆ ಕಾದು ಒಂದೇ ಸಲ ಹೂಬಿಟ್ಟು ಸಾಯುತ್ತದೆ. ಅದೇ ಬಳಗದಲ್ಲಿ ಮರಗಳಿವೆ, ಬಳ್ಳಿಗಳಿವೆ, ನೆಲಕ್ಕೆ ಹರಡುವ ದಿಂಬಿನಂಥ ಗಿಡಗಳಿವೆ. ಒಟ್ಟು ಮೂವತ್ತರ ಆಸುಪಾಸು ಪ್ರಭೇದಗಳು, ಎಲ್ಲವೂ ಸೂರ್ಯಕಾಂತಿ ಕುಟುಂಬದವು. ಇವು ಎಲ್ಲಿಂದ ಬಂದವು? 1991ರಲ್ಲಿ ಬ್ರೂಸ್ ಬಾಲ್ಡ್‌ವಿನ್ ಮತ್ತು ಸಂಗಡಿಗರು ಕ್ಲೋರೋಪ್ಲಾಸ್ಟ್ ಡಿಎನ್‌ಎ ಹೋಲಿಸಿ ಉತ್ತರ ಹೇಳಿದರು. ಸಾವಿರಾರು ಕಿಲೋಮೀಟರ್ ಕಡಲು ದಾಟಿ ಉತ್ತರ ಅಮೆರಿಕದಿಂದ, ಕ್ಯಾಲಿಫೋರ್ನಿಯಾದ ಟಾರ್‌ವೀಡ್ ಎಂಬ ಅಂಟು ಎಲೆಯ ಗಿಡಗಳ ಮನೆಯಿಂದ. ಆ ಉತ್ತರ ಇಂದಿಗೂ ನಿಂತಿದೆ. ಆದರೆ ಅದು ಅರ್ಧ ಉತ್ತರ. 1999ರಲ್ಲಿ ಕೋಶಕೇಂದ್ರದ ಹೂವಿನ ಜೀನ್‌ಗಳನ್ನು ನೋಡಿದಾಗ ಪ್ರತಿ ಜೀನಿನ ಎರಡೆರಡು ಪ್ರತಿಗಳು ಸಿಕ್ಕವು. ಒಂದೊಂದು ಪ್ರತಿಯ ಹತ್ತಿರದ ನಂಟು ಕ್ಯಾಲಿಫೋರ್ನಿಯಾದ ಒಂದೊಂದು ಬೇರೆ ಟಾರ್‌ವೀಡ್ ಕವಲಿಗೆ. ಅಂದರೆ ಹವಾಯಿಯ ಬಳಗದ ಮೂಲಪುರುಷ ಎರಡು ಕವಲುಗಳ ಮಿಶ್ರಸಂತಾನ. ಕ್ಲೋರೋಪ್ಲಾಸ್ಟ್ ತನ್ನ ತಾಯಿಯ ಹೆಸರು ಸರಿಯಾಗಿಯೇ ಹೇಳಿತ್ತು. ತಂದೆಯ ಹೆಸರು ಅದಕ್ಕೆ ಗೊತ್ತೇ ಇರಲಿಲ್ಲ.

ಸೂರ್ಯಕಾಂತಿ ಕುಟುಂಬದಲ್ಲಿ ಇಂಥ ಅಡ್ಡಹಾಯುವಿಕೆ ಅಪವಾದವಲ್ಲ, ನಿತ್ಯದ ವ್ಯವಹಾರ. ಅಮೆರಿಕದ ಕಾಡು ಸೂರ್ಯಕಾಂತಿಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಲೊರೆನ್ ರೀಸ್‌ಬರ್ಗ್, ಒಂದು ಪ್ರಭೇದದ ಕ್ಲೋರೋಪ್ಲಾಸ್ಟ್ ಇನ್ನೊಂದರ ಮೈಯಲ್ಲಿ ನೆಲೆಸಿಬಿಡುವ ಪ್ರಕರಣಗಳನ್ನು ಸಸ್ಯವಿಜ್ಞಾನಿ ಸೋಲ್ಟಿಸ್ ಜೊತೆ ಸೇರಿ 1991ರಲ್ಲೇ ಒಟ್ಟುಗೂಡಿಸಿದ್ದರು. ಲೆಕ್ಲೆರ್ಕ್ ತಮ್ಮ ಹೊಲದಲ್ಲಿ ಮಾಡಿದ್ದನ್ನು ಜೇನು, ಗಾಳಿ, ಬಯಲು ಸೇರಿ ಲಕ್ಷಾಂತರ ವರ್ಷ ಮಾಡುತ್ತಲೇ ಬಂದಿವೆ. ತಾಯಿಯಿಂದ ಮಾತ್ರ ಎಂಬ ನಿಯಮಕ್ಕೂ ಸಣ್ಣ ಸೀಳುಗಳಿವೆ. ಹೀಲಿಯಾಂಥಸ್ ವರ್ಟಿಸಿಲಾಟಸ್ ಎಂಬ ಅಳಿವಿನಂಚಿನ ಸೂರ್ಯಕಾಂತಿಯಲ್ಲಿ ಅಪರೂಪಕ್ಕೊಮ್ಮೆ ತಂದೆಯ ಕ್ಲೋರೋಪ್ಲಾಸ್ಟ್ ಸಂತಾನಕ್ಕೆ ದಾಟಿದ್ದು ಪ್ರಯೋಗದಲ್ಲಿ ಕಂಡಿದೆ. ಆದ್ದರಿಂದ ಒಂದು ಕುಲದ ಐದಾರು ಹತ್ತಿರದ ಪ್ರಭೇದಗಳನ್ನು ಬರೀ ಕ್ಲೋರೋಪ್ಲಾಸ್ಟ್ ಇಟ್ಟುಕೊಂಡು ವಿಂಗಡಿಸಿ, ಇದೇ ಇವುಗಳ ಚರಿತ್ರೆ ಎಂದು ಬರೆದರೆ ನಾನು ಒಪ್ಪುವುದಿಲ್ಲ. ಅದು ಕ್ಲೋರೋಪ್ಲಾಸ್ಟಿನ ಚರಿತ್ರೆ.

ಇದಕ್ಕೆ ಬರುವ ಎದುರು ಮಾತು ನನಗೆ ಗೊತ್ತು. ಮೊದಲು ಒಂದೆರಡು ಜೀನ್ ನೋಡುತ್ತಿದ್ದರು, ಈಗ ಇಡೀ ಉಂಗುರವನ್ನೇ ಓದುತ್ತೇವೆ, ಅಕ್ಷರ ಹೆಚ್ಚಾದಂತೆ ಅನುಮಾನ ಕಡಿಮೆಯಾಗುತ್ತದೆ ಎನ್ನುತ್ತಾರೆ. ಎಣಿಕೆಯ ಅನುಮಾನ ಕಡಿಮೆಯಾಗುವುದು ನಿಜ. ಆದರೆ ಇಡೀ ಉಂಗುರ ತುಂಡಾಗದೆ ಒಟ್ಟಿಗೇ ತಾಯಿಯಿಂದ ಮಗುವಿಗೆ ಹೋಗುವುದರಿಂದ ಅದರಲ್ಲಿ ನೂರು ಜೀನ್ ಓದಿದರೂ ಸಾಕ್ಷಿ ಒಬ್ಬನೇ. ಒಬ್ಬ ಸಾಕ್ಷಿ ನೂರು ಸಲ ಅದೇ ಮಾತು ಹೇಳಿದರೆ ನೂರು ಸಾಕ್ಷಿಗಳಾಗುವುದಿಲ್ಲ. ಗಣಕಯಂತ್ರ ಕವಲಿನ ಪಕ್ಕ ನೂರಕ್ಕೆ ನೂರು ಎಂದು ಅಂಕ ಕೊಟ್ಟಾಗ, ಆ ಅಂಕ ಸಾಕ್ಷಿಯ ಮಾತನ್ನು ನಾವು ಸರಿಯಾಗಿ ಬರೆದುಕೊಂಡಿದ್ದೇವೆ ಎಂಬುದಕ್ಕೆ, ಸಾಕ್ಷಿ ಎಲ್ಲವನ್ನೂ ಕಂಡಿದ್ದಾನೆ ಎಂಬುದಕ್ಕಲ್ಲ.

ಬರೆದುಕೊಳ್ಳುವಾಗಲೂ ತಪ್ಪುವುದುಂಟು. ಕ್ಯಾಲಿಫೋರ್ನಿಯಾದ ಮಳೆಗಾಲದ ಹೊಂಡಗಳ ಅಂಚಿನಲ್ಲಿ ಬೆಳೆಯುವ ಲ್ಯಾಸ್ತೇನಿಯಾ ಬರ್ಕಿಯೈ ಎಂಬ ಅಪರೂಪದ ಹಳದಿ ಹೂವಿನ ಗಿಡದ ಕ್ಲೋರೋಪ್ಲಾಸ್ಟ್ ಜೀನೋಮ್ 2014ರಲ್ಲಿ ಪ್ರಕಟವಾಯಿತು. ಕುಟುಂಬದ ಬೇರೆ ಗಿಡಗಳೊಂದಿಗೆ ಹೋಲಿಸಿದಾಗ ಉಂಗುರದ ಚಿಕ್ಕ ತುಂಡು ಕೆಲವದರಲ್ಲಿ ಒಂದು ದಿಕ್ಕಿಗೆ, ಕೆಲವದರಲ್ಲಿ ಎದುರು ದಿಕ್ಕಿಗೆ ಕಂಡಿತು. ಇಲ್ಲಿ ಪದೇ ಪದೇ ತಿರುವುಮುರುವು ಆಗಿದೆ ಎಂದು ಬರೆದರು. ಆದರೆ ಪಾಮರ್ 1983ರಲ್ಲೇ ಒಂದು ಸಂಗತಿ ತೋರಿಸಿದ್ದರು. ಒಂದೇ ಗಿಡದ ಒಳಗೇ ಆ ಚಿಕ್ಕ ತುಂಡು ಎರಡೂ ದಿಕ್ಕಿನಲ್ಲಿ ಇರುತ್ತದೆ. ಅಕ್ಕಪಕ್ಕದ ಎರಡು ಕನ್ನಡಿ ತುಂಡುಗಳು ಒಂದರೊಡನೊಂದು ಕೂಡಿ ಬಿಡುತ್ತ ಇರುವುದರಿಂದ ನಡುವಿನದು ಸುಮ್ಮನೆ ಮಗುಚುತ್ತಿರುತ್ತದೆ. ಓದುವವರು ಯಾವುದನ್ನು ಬರೆದುಕೊಂಡರೋ ಅದು ದಾಖಲೆಯಾಗುತ್ತದೆ, ಅಷ್ಟೆ. 2015ರಲ್ಲಿ ಅದೇ ಲೇಖಕರು ಜಾನ್ಸೆನ್ ಅವರೊಂದಿಗೆ ಸೇರಿ ಅದೇ ಪತ್ರಿಕೆಯಲ್ಲಿ ತಮ್ಮ ಮಾತನ್ನು ತಾವೇ ತಿದ್ದಿದರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಆ ತಿದ್ದುಪಡಿಯಿಂದಲೇ. ಹಳೆಯ ದೊಡ್ಡ ತಿರುವು ವಂಶದ ಗುರುತಾಯಿತು, ಈ ಚಿಕ್ಕ ಮಗುಚುವಿಕೆ ಯಾವ ಗುರುತೂ ಅಲ್ಲ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅವು ಹೇಗೆ ಆಗುತ್ತವೆ ಎಂಬುದು ಗೊತ್ತಿದ್ದರೆ ಮಾತ್ರ ಬೇರೆ ಬೇರೆ.

ಹಾಗಾದರೆ ಕ್ಲೋರೋಪ್ಲಾಸ್ಟನ್ನು ಏನು ಕೇಳಬೇಕು? ಒಂದು, ಇದು ಯಾವ ಗಿಡ ಎಂಬ ಅಂಗಡಿ ಪ್ರಶ್ನೆ. ಗರುಗದ ಹಸಿ ಗಿಡವನ್ನು ಬಿಳಿ ಹೂ ನೋಡಿ ಯಾರಾದರೂ ಗುರುತಿಸಬಹುದು. ಅದೇ ಗಿಡ ಭೃಂಗರಾಜದ ಪುಡಿಯಾಗಿ ಚೀಲ ಸೇರಿದ ಮೇಲೆ, ಅದರಲ್ಲಿ ಹಳದಿ ಹೂವಿನ ಇನ್ನೊಂದು ಗಿಡ ಬೆರೆತಿದೆಯೇ ಎಂದು ಕಣ್ಣು ಹೇಳಲಾರದು. ಎಲೆಯ ಒಂದೊಂದು ಕೋಶದಲ್ಲೂ ಕ್ಲೋರೋಪ್ಲಾಸ್ಟ್ ಜೀನೋಮಿನ ನೂರಾರು ಪ್ರತಿಗಳಿರುವುದರಿಂದ ಒಣಗಿದ ಪುಡಿಯಲ್ಲೂ, ಹಳೆಯ ಹರ್ಬೇರಿಯಂ ಹಾಳೆಯ ಎಲೆಯಲ್ಲೂ ಅದು ಓದಲು ಸಿಗುತ್ತದೆ. ಸಸ್ಯಗಳ ಬಾರ್‌ಕೋಡ್ ಎಂದು 2009ರಲ್ಲಿ ಶಿಫಾರಸು ಮಾಡಿದ ಆರ್‌ಬಿಸಿಎಲ್, ಮ್ಯಾಟ್‌ಕೆ ಎಂಬ ಎರಡು ಜೀನ್‌ಗಳೂ ಕ್ಲೋರೋಪ್ಲಾಸ್ಟಿನವೇ. ಗರುಗವೂ ಆ ಹಳದಿ ಹೂವಿನ ಗಿಡವೂ ಬೇರೆ ಬೇರೆ ಕುಲದವಾದ್ದರಿಂದ ಇಲ್ಲಿ ಮೋಸವಾಗುವ ಸಂಭವ ಕಡಿಮೆ. ಆದರೆ ಹೋಲಿಸಲು ಇಟ್ಟುಕೊಂಡ ಮೂಲ ಮಾದರಿಗೆ ಸರಿಯಾದ ಹೆಸರಿರಬೇಕು. ಒತ್ತಿ ಒಣಗಿಸಿ, ಹೆಸರು, ಊರು, ತಾರೀಕು ಬರೆದಿಟ್ಟ ಗಿಡದ ಹಾಳೆಯೊಂದು ಹಿಂದಿಲ್ಲದಿದ್ದರೆ ಆ ಒಂದೂವರೆ ಲಕ್ಷ ಅಕ್ಷರ ಯಾರದೆಂದು ನಾಳೆ ಯಾರೂ ಹೇಳಲಾರರು.

ಎರಡನೆಯ ಪ್ರಶ್ನೆ ನನಗೆ ಹೆಚ್ಚು ಪ್ರೀತಿಯದು. ಬೀಜ ಯಾವ ದಾರಿಯಲ್ಲಿ ಬಂತು ಎಂಬುದು. ಪರಾಗಕ್ಕೂ ಬೀಜಕ್ಕೂ ದಾರಿಗಳು ಬೇರೆ. ಪರಾಗ ಜೇನಿನ ಕಾಲಿಗೆ ಅಂಟಿ ಹೊಲದಿಂದ ಹೊಲಕ್ಕೆ ಹೋಗಬಲ್ಲದು, ಕಡಲು ದಾಟಲಾರದು. ಕಡಲು ದಾಟುವುದು ಬೀಜ, ಬೀಜದೊಳಗೆ ತಾಯಿಯ ಕ್ಲೋರೋಪ್ಲಾಸ್ಟ್. ಆದ್ದರಿಂದ ಒಂದು ಬೆಳೆ ಒಂದು ದೇಶಕ್ಕೆ ಎಷ್ಟು ಸಲ ಬಂತು, ಎಷ್ಟು ತಾಯಂದಿರ ಮಡಿಲಿಂದ ಬಂತು ಎಂದು ಕೇಳುವುದಾದರೆ ತಾಯಿಯ ಕಡೆಯ ಸಾಕ್ಷಿಯೇ ಸರಿಯಾದ ಸಾಕ್ಷಿ. ತಂದೆಯನ್ನು ಕಾಣದ ಕೊರತೆಯೇ ಇಲ್ಲಿ ಅದರ ಶಕ್ತಿ.

ನಮ್ಮಲ್ಲಿ ಇದನ್ನು ಕೇಳಬೇಕಾದ ಗಿಡ ಹುಚ್ಚೆಳ್ಳು. ಉತ್ತರ ಕರ್ನಾಟಕದಲ್ಲಿ ಗುರೆಳ್ಳು. ರೊಟ್ಟಿಯ ಜೊತೆ ಕಪ್ಪು ಚಟ್ನಿಪುಡಿಯಾಗಿ, ಹಳೆಮೈಸೂರಿನ ಕಡೆ ರಾಗಿ ಹೊಲದ ಅಕ್ಕಡಿ ಸಾಲಾಗಿ ನಮ್ಮದೇ ಆಗಿರುವ ಇದರ ತವರು ಇಥಿಯೋಪಿಯ. ಇಥಿಯೋಪಿಯದಲ್ಲಿ ಇದರ ಕಾಡು ಬಂಧು ಇಂದಿಗೂ ಹುಚ್ಚೆಳ್ಳಿನ ಹೊಲದಲ್ಲೇ ಕಳೆಯಾಗಿ ಬೆಳೆದು ಅದರೊಡನೆ ಬೆರೆಯುತ್ತದೆ. ಇದರ ಕ್ಲೋರೋಪ್ಲಾಸ್ಟ್ ಜೀನೋಮನ್ನು ಪೂರ್ತಿ ಓದಿ ಪ್ರಕಟಿಸಿದ್ದು 2010ರಲ್ಲಿ. ಒಂದು ಗಿಡದ್ದು ಓದಿದರೆ ಒಂದು ಗಿಡ ಗೊತ್ತಾಗುತ್ತದೆ. ಇಥಿಯೋಪಿಯದ ಹೊಲಗಳಿಂದ, ಅಲ್ಲಿನ ಕಳೆಯಿಂದ, ಒಡಿಶಾ ಮಧ್ಯಪ್ರದೇಶದ ಗುಡ್ಡಗಾಡಿನಿಂದ, ನಮ್ಮ ಅಕ್ಕಡಿ ಸಾಲುಗಳಿಂದ ನೂರಾರು ಗಿಡಗಳದ್ದು ಓದಿ ಪಕ್ಕಪಕ್ಕ ಇಟ್ಟರೆ, ಭಾರತದ ಹುಚ್ಚೆಳ್ಳೆಲ್ಲ ಒಂದೇ ಮೂಟೆಯ ಸಂತತಿಯೇ, ಹಲವು ಕಾಲದಲ್ಲಿ ಹಲವು ಮೂಟೆ ಬಂದವೇ ಎಂಬುದು ಗೊತ್ತಾಗುತ್ತದೆ. ಬಂದ ಮೇಲೆ ಇಲ್ಲಿ ಯಾವುದು ಯಾವುದರೊಡನೆ ಬೆರೆಯಿತು ಎಂಬುದಕ್ಕೆ ಕೋಶಕೇಂದ್ರದ ಡಿಎನ್‌ಎ ಬೇಕು, ಏಕೆಂದರೆ ಹುಚ್ಚೆಳ್ಳು ತನ್ನ ಪರಾಗದಿಂದ ತಾನು ಕಾಳು ಕಟ್ಟುವುದಿಲ್ಲ.

ಇದು ಚರಿತ್ರೆಯ ಕುತೂಹಲ ಮಾತ್ರವಲ್ಲ. 1970ರಲ್ಲಿ ಅಮೆರಿಕದ ಮುಸುಕಿನ ಜೋಳದ ಹೊಲಗಳನ್ನು ಎಲೆ ಅಂಗಮಾರಿ ಹಾಳುಮಾಡಿತು. ಆ ಹೈಬ್ರಿಡ್‌ಗಳಲ್ಲಿ ಬಹುಪಾಲು ಒಂದೇ ತಾಯಿಯ ಬಳ್ಳಿಯವಾಗಿದ್ದವು, ರೋಗ ಹಿಡಿದದ್ದು ಆ ಬಳ್ಳಿಯ ದೌರ್ಬಲ್ಯವನ್ನೇ. ನಮ್ಮ ಸೂರ್ಯಕಾಂತಿಯೂ ಒಂದೇ ತಾಯಿಯನ್ನು ನೆಚ್ಚಿ ನಿಂತಿದೆ. ಹುಚ್ಚೆಳ್ಳಿಗೆ ಎಷ್ಟು ತಾಯಂದಿರು ಎಂದು ತಿಳಿಯಲು ಅಕ್ಕಡಿ ಸಾಲು ಇನ್ನೂ ಉಳಿದಿರುವ ಹೊಲಗಳಿಗೆ ಈಗಲೇ ಹೋಗಬೇಕು. ರಾಗಿ ಹೊಲದ ಹುಚ್ಚೆಳ್ಳು ಹಳದಿಗೆ ತಿರುಗಿ, ಜೇನು ತುಂಬಿದ ದಿನಗಳಲ್ಲಿ, ಪ್ರತಿ ಊರಿನಿಂದ ಒಂದು ಗಿಡ ಒತ್ತಿ ಒಣಗಿಸಲು, ಒಂದು ಎಲೆ ಡಿಎನ್‌ಎಗೆ, ಒಂದು ಹಿಡಿ ಕಾಳು ಬೀಜಕ್ಕೆ, ಜೊತೆಗೆ ಆ ಕಾಳನ್ನು ಯಾರ ಮನೆಯಿಂದ ತಂದು ಬಿತ್ತಿದರು ಎಂದು ಆ ಮನೆಯ ಅಜ್ಜಿಯನ್ನು ಕೇಳಿ ಬರೆದುಕೊಂಡ ಒಂದು ಚೀಟಿ.